ಬೆಟ್ಟ ಹತ್ತಿದ ಬರ್ಫಿ

ನಾಗಪುರದ ಬಜಾಜ್ ನಗರದಲ್ಲಿ ಯಾರಾದರೂ ಪ್ರವಾಸ ಹೊರಟರೆ ಅವರ ಬಟ್ಟೆಬರೆಗಿಂತ ಮೊದಲು ನೆರೆಮನೆಯವರ ಪೊಟ್ಟಣಗಳು ಸಿದ್ಧವಾಗುತ್ತವೆ. ಬ್ಯಾಂಕಿನ ವ್ಯಾಸರಾಜನ ಪಾಲಿಗೆ ಬಂದದ್ದು ಎದುರುಮನೆಯ ಕುಮುದಾ ಕಾಕುವಿನ ಸಂತ್ರಾ ಬರ್ಫಿ, ಅಂದರೆ ಕಿತ್ತಳೆ ಹಣ್ಣಿನದು. ಆ ಪುಣ್ಯಾತ್ಮನ ಬಾಯಲ್ಲಿ 'ಇಲ್ಲ' ಎಂಬ ಮಾತು ಹೊರಡುವುದಿಲ್ಲವೆಂದು ಇಡೀ ಓಣಿಗೇ ಗೊತ್ತು.

"ಹೆಂಗೂ ಕೋವಳಂಗೆ ಹೊಂಟೀರಿ. ನನ್ನ ಮಗಳು ರಾಗಿಣಿ ಅಲ್ಲೇ ಬೆಟ್ಟದ ಮ್ಯಾಲೆ ಚಹಾ ತೋಟದಾಗ ಇದ್ದಾಳ. ಕೊಟ್ಟುಬಿಡ್ರಿ. ಮೊದಲ ಫೋನ್ ಮಾಡಬ್ಯಾಡ್ರಿ ಮತ್ತ, ಸರ್ಪ್ರೈಸ್!"

ಹೆಂಡತಿ ವತ್ಸಲಾ ಹುಟ್ಟಿದಾಗಿನಿಂದ ಸಮುದ್ರ ಕಂಡವಳಲ್ಲ. ಮದುವೆಯಾದ ಹೊಸತರಲ್ಲಿ ತೋರಿಸುತ್ತೇನೆಂದು ಕೊಟ್ಟ ಮಾತನ್ನು ವ್ಯಾಸರಾಜ ತಲೆ ನರೆತ ಮೇಲೆ ನಡೆಸಲು ಹೊರಟಿದ್ದ. ರೈಲಿನ ಓಡಾಟ ಕಳೆದರೆ ಕೋವಳಂನಲ್ಲಿ ಸಿಗುತ್ತಿದ್ದುದು ಒಂದೇ ದಿನ. ಕತ್ತಲಲ್ಲಿ ಬಂದಿಳಿದರು, ಲಾಡ್ಜು ಊರ ಹಿಂಬದಿಗಿತ್ತು, ಸಮುದ್ರ ಕಾಣಲಿಲ್ಲ.

ಬೆಳಿಗ್ಗೆ ವತ್ಸಲಾ ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಾಗ ಫೋನು ಬಡಿದುಕೊಂಡಿತು.

"ಕೊಟ್ರ್ಯಾ?" ಎಂದರು ಕಾಕು.

"ಇಲ್ರಿ ಕಾಕು, ಸಂಜಿಗೆ..."

"ಅಯ್ಯ! ಆ ಸೆಕಿಗೆ ಸಂಜಿತನಾ ಉಳೀತದೇನ್ರಿ? ಜಲ್ದಿ ಕೊಟ್ಟು ಬರ್ರಿ. ಸಮುದ್ರ ಎಲ್ಲಿ ಓಡಿ ಹೋಗ್ತದ?"

ಬೆಟ್ಟದ ಬಸ್ಸು ಈಗಲೇ ಹೊರಡುತ್ತದೆ ಎಂದ ಲಾಡ್ಜಿನವನು. ವ್ಯಾಸರಾಜ ಹೆಂಡತಿಯತ್ತ ಹಲ್ಲುಕಿರಿದ. "ಮಧ್ಯಾಹ್ನದೊಳಗ ಬಂದುಬಿಡೋಣಂತ."

"ನಿಮ್ಮ ಮಧ್ಯಾಹ್ನ ನಂಗ ಗೊತ್ತಿಲ್ಲೇನು!"

ಬಸ್ಸು ತಿರುವು ತಿರುವಿಗೂ ಹೊರಳಿತು. ವತ್ಸಲಾ ಅಷ್ಟೂ ತಿರುವಿಗೆ ವಾಂತಿ ಮಾಡಿಕೊಂಡಳು. ಮಂಜಿಲ್ಲದ ದಿನ ಇಲ್ಲಿಂದಲೇ ಸಮುದ್ರ ಕಾಣುತ್ತದೆ ಎಂದು ಕಂಡಕ್ಟರ್ ಕೈ ತೋರಿಸಿದ. ಅಲ್ಲಿದ್ದದ್ದು ಬರೀ ಮಂಜು. ಬಸ್ಸಿಳಿದ ಕೂಡಲೇ ಒಂದು ಮಂಗ ಪೊಟ್ಟಣಕ್ಕೆ ಕೈ ಹಾಕಿತು. ವ್ಯಾಸರಾಜ ಪ್ರಾಣದ ಹಂಗು ತೊರೆದು ಎಳೆದಾಡಿದ. ಬರ್ಫಿ ಉಳಿಯಿತು, ಕನ್ನಡಕ ಮರ ಏರಿತು.

ಆಮೇಲೆ ಮಳೆ. ಆಮೇಲೆ ಜಿಗಣೆ. ಕುರುಡನಂತೆ ತಡವರಿಸುತ್ತಿದ್ದ ಗಂಡನನ್ನು ವತ್ಸಲಾ ಬೈಯುತ್ತಲೇ ಕೈಹಿಡಿದು ಚಹಾ ತೋಟದುದ್ದಕ್ಕೂ ನಡೆಸಿದಳು. ಮನೆ ಸಿಗುವಷ್ಟರಲ್ಲಿ ಹೊತ್ತು ಇಳಿದಿತ್ತು, ಬಾಗಿಲಿಗೆ ಬೀಗ ಜಡಿದಿತ್ತು.

ಮನೆಗೆಲಸದ ಪೊನ್ನಮ್ಮ ಹಿತ್ತಲಿನಿಂದ ಬಂದು ಮಲಯಾಳದಲ್ಲಿ ಏನೇನೋ ಹೇಳಿದಳು. ಇವರಿಗೆ ತಿಳಿಯದ್ದು ಕಂಡು, ಬೆಟ್ಟದಲ್ಲಿ ಸಿಗ್ನಲ್ ಇಲ್ಲದ್ದರಿಂದ ಮನೆಯ ವೈಫೈನಲ್ಲಿ ರಾಗಿಣಿಗೇ ವಿಡಿಯೋ ಕಾಲ್ ಹಚ್ಚಿಕೊಟ್ಟಳು.

"ಕಾಕಾ! ನೀವು ನಮ್ಮ ಮನಿಗೆ ಹೋಗೀರಿ? ಅವ್ವಗ ಸರ್ಪ್ರೈಸ್ ಕೊಡೋಣಂತ ನಾವು ಇವತ್ತ ವಿಮಾನದಾಗ ನಾಗಪುರಕ್ಕ ಬಂದ್ವಿ!"

ವತ್ಸಲಾ ಫೋನು ಕಸಿದುಕೊಂಡು ದಿಟ್ಟಿಸಿದಳು. "ರೀ, ಆ ಪರದೆ ನಮ್ಮದು. ಸೋಫಾನೂ ನಮ್ಮದು. ಅಯ್ಯಯ್ಯ, ನಿಮ್ಮ ಲುಂಗಿ ಯಾರೋ ಉಟ್ಟಾರ!"

ಕುಮುದಾ ಕಾಕುವಿನ ಮುಖ ತೆರೆಯೊಳಗೆ ತೂರಿತು. "ಬೀಗರೆಲ್ಲಾ ಬಂದಾರ್ರಿ, ನಮ್ಮ ಒಂದು ಖೋಲ್ಯಾಗ ಹೆಂಗ ಹಿಡೀತಾರ? ತುಳಸಿಗೆ ನೀರು ಹಾಕಲಿಕ್ಕೆ ನೀವು ಕೊಟ್ಟ ಕೀಲಿ ಇತ್ತಲ್ಲ! ಮಧ್ಯಾಹ್ನದಿಂದ ನಿಮಗ ಫೋನ್ ಹಚ್ಚೀ ಹಚ್ಚೀ ಸಾಕಾತು, ಹತ್ತವಲ್ದು. ಅಂದಂಗ ಆ ಬರ್ಫಿ ವಾಪಸ್ ತರ್ರಿ. ರಾಗಿಣಿಗೆ ಭಾಳ ಸೇರ್ತದ."

ಅಲ್ಲೇ ಓಣಿಯ ತುದಿಯ ಅಂಗಡಿಯಲ್ಲಿ ಸಿಗುತ್ತದಲ್ಲ ಎನ್ನಬೇಕೆಂದು ವ್ಯಾಸರಾಜ ಬಾಯಿ ತೆರೆದ. "ಆಗಲ್ರಿ ಕಾಕು" ಎಂಬ ಮಾತು ಹೊರಟಿತು.

ಕೊನೆಯ ಬಸ್ಸು ಹೋಗಿಯಾಗಿತ್ತು. ನಾಳೆ ಬೆಳಗಿನ ಬಸ್ಸಿಗೆ ಇಳಿದರೆ ನೇರ ಸ್ಟೇಷನ್ನಿಗೇ ಓಡಬೇಕು, ಸಮುದ್ರಕ್ಕೆ ಹೊತ್ತಿಲ್ಲ. ಅದನ್ನು ಹೆಂಡತಿಗೆ ಹೇಗೆ ಹೇಳುವುದೆಂದು ಅವನು ತಿರುಗಿ ನೋಡಿದ. ವತ್ಸಲಾ ಜಗಲಿಯ ಮೇಲೆ ಕೂತು ಪೊಟ್ಟಣ ಹರಿದಿದ್ದಳು. ಒಂದು ಬರ್ಫಿ ತಾನು ತಿಂದು, ಇನ್ನೊಂದನ್ನು ಪೊನ್ನಮ್ಮನ ಕೈಗಿಟ್ಟಳು. ಗಂಡನಿಗೆ ಮಾತ್ರ ಕೊಡಲಿಲ್ಲ.