ಪ್ರಶ್ನೆ ಸಣ್ಣದಾದ ರವಿವಾರಗಳು

ದೊಡ್ಡ ಪ್ರಶ್ನೆ ಕೇಳುವುದು ಸುಲಭ, ಯಾರು ಬೇಕಾದರೂ ಕೇಳಬಹುದು. ಸಣ್ಣ ಪ್ರಶ್ನೆ ಕೇಳಬೇಕಾದರೆ ಒಬ್ಬ ಗೈಡ್ ಬೇಕು, ಅವರಿಗೆ ಚಹಾ ಬೇಕು. ಇದು ನನಗೆ ತಿಳಿದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ನಾಗಪುರದಲ್ಲಿ ಎಂ.ಎಡ್. ಮಾಡಲು ಹೊರಟಾಗ. ಹುಬ್ಬಳ್ಳಿ ಕಡೆಯವನಾದ ನಾನು ಆಗ ನಾಗಪುರದ ಪಕ್ಕದ ಕಾಮಠಿಯ ಶಾಲೆಯೊಂದರಲ್ಲಿ ಗಣಿತ ಮಾಸ್ತರ. ನಮ್ಮ ಮುಖ್ಯಾಧ್ಯಾಪಕರು ಮರುವರ್ಷ ನಿವೃತ್ತರಾಗುವವರಿದ್ದರು. ಎಂ.ಎಡ್. ಮುಗಿಸಿದರೆ ಆ ಕುರ್ಚಿ ನನಗೆ, ಇಲ್ಲವಾದರೆ ನನ್ನ ಜೊತೆಗೇ ಎಂ.ಎಡ್.ಗೆ ಸೇರಿದ್ದ, ಆರು ವರ್ಷ ಚಿಕ್ಕವರಾದ, ವಿಜ್ಞಾನದ ಪಾಟೀಲರಿಗೆ. ಪಾಟೀಲರು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಆ ಸುಖ ಬಿಡಲು ನನಗೆ ಮನಸ್ಸಿರಲಿಲ್ಲ.

ಎಂ.ಎಡ್. ಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ 'ವಿದ್ಯಾರ್ಥಿಗಳ ಮೇಲೆ ಸಮೂಹ ಮಾಧ್ಯಮಗಳ ಪ್ರಭಾವ'. ಸಂಶೋಧನೆಗೆ ಅಗತ್ಯವೆಂದು ಹೆಂಡತಿಗೆ ತಿಳಿಸಿ ಸೀತಾಬರ್ಡಿ ಪೇಟೆಯಿಂದ ಒಂದು ಟೀವಿ ತಂದೆ. ಧರಮಪೇಠದ ನಮ್ಮ ಓಣಿಯಲ್ಲಿ ಅದೇ ಮೊದಲನೆಯದು. ಗೈಡರು ಎರಡು ಓಣಿ ಆಚೆ ಇದ್ದರು. ಸಂಶೋಧನೆಯ ಪ್ರಶ್ನೆ ಬರೆದ ಹಾಳೆಗೆ ಅವರ ಸಹಿ ಬೇಕಿತ್ತು. ಅದನ್ನು ಓದಿ, "ಬಹುತ್ ಬಡಾ ಹೈ, ಛೋಟಾ ಕರೋ" ಎಂದರು, ಅಂದರೆ ಪ್ರಶ್ನೆ ಬಹಳ ದೊಡ್ಡದು, ಸಣ್ಣದು ಮಾಡಿ. ರವಿವಾರ ತಾವೇ ಮನೆಗೆ ಬಂದು ನೋಡುವುದಾಗಿಯೂ ಹೇಳಿದರು. ಇಂಥ ಗುರು ಯಾರಿಗೆ ಸಿಗುತ್ತಾರೆ ಎಂದು ನನಗೆ ಕಣ್ಣು ತುಂಬಿ ಬಂತು.

ಅವರು ಬಂದದ್ದು ಸಂಜೆ, ದೂರದರ್ಶನದ ರವಿವಾರದ ಸಿನಿಮಾ ಶುರುವಾಗುವ ಹೊತ್ತಿಗೆ. ಸಿನಿಮಾದ ನಡುವೆ ವಾರ್ತೆ ಬರುತ್ತಿತ್ತು. ಮಾರ್ಗದರ್ಶನ ನಡೆಯುತ್ತಿದ್ದದ್ದು ಆ ವಾರ್ತೆಯ ಹೊತ್ತಿನಲ್ಲಿ. ಮೊದಲ ರವಿವಾರ ವಿಷಯದಿಂದ ರೇಡಿಯೋ ಹೋಯಿತು, ಎರಡನೆಯ ರವಿವಾರ ಪತ್ರಿಕೆ. ಮೂರನೆಯದಕ್ಕೆ ಇಡೀ ಭಾರತವನ್ನು ತೆಗೆದು ನಾಗಪುರವನ್ನು ಉಳಿಸಿದರು. ಚಿತ್ರ ಅಲುಗಾಡಿದರೆ ನಾನು ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕು. ಅವರು ಕೆಳಗಿನಿಂದ, "ಥೋಡಾ ಔರ್... ಬಸ್, ಬರೋಬರ್!" ಎಂದು ಕೂಗುವರು. ನನ್ನ ಕೆಲಸವನ್ನು ಅವರು ಬರೋಬರ್ ಅನ್ನುತ್ತಿದ್ದದ್ದು ಆಗ ಮಾತ್ರ. ಎಂಟನೆಯ ತರಗತಿಯ ನಮ್ಮ ಮಗಳನ್ನು ಮಾಧ್ಯಮದ ಪ್ರಭಾವ ತಾಗದಿರಲೆಂದು ಪುಸ್ತಕದೊಂದಿಗೆ ಅಡುಗೆಮನೆಗೆ ಕಳಿಸುತ್ತಿದ್ದೆವು. ವಿದ್ಯಾರ್ಥಿ ಎಂಬ ಪ್ರಾಣಿ ಆ ಮನೆಯಲ್ಲಿ ಅವಳೊಬ್ಬಳೇ.

ಹನ್ನೊಂದು ರವಿವಾರ ಕಳೆದ ಮೇಲೆ ಹೆಂಡತಿ, "ಪಾಟೀಲರ ಹಾಳಿಗೆ ಒಂದ ದಿನದಾಗ ಸಹಿ ಹಾಕ್ಯಾರಂತ ನಿಮ್ಮ ಸರ್. ಪಾಟೀಲರ ಮನ್ಯಾಗ ಟೀವಿ ಇಲ್ಲ, ನೋಡ್ರಿ" ಎಂದಳು. ಗುರುನಿಂದೆ ಬೇಡವೆಂದು ಗದರಿದೆ. ಆದರೆ ಮುಂದಿನ ವಾರ ಗೈಡರು ಸ್ವಂತ ಟೀವಿ ತಂದರು. ಸೋಮವಾರ ನಾನು ಅವರ ಮನೆಗೆ ಹೋದರೆ ಬಾಗಿಲಲ್ಲೇ ನಿಂತು, ಓದದೆ, ಸಹಿ ಹಾಕಿದರು. ಹಾಳೆಯನ್ನು ಕಾಲೇಜಿನ ಕಚೇರಿಗೆ ಕೊಡಲು ಇನ್ನೂ ಎರಡು ವಾರ ಇತ್ತು, ಕೊನೆಯ ದಿನ ಶನಿವಾರ. ತಪ್ಪಿದರೆ ವರ್ಷವೇ ಹೋದಂತೆ. ನಾಳೆ ಕೊಟ್ಟರಾಯಿತೆಂದು ಹಾಳೆಯನ್ನು ಟೀವಿಯ ಮೇಲೆ ಇಟ್ಟೆ.

ಆ ಶನಿವಾರಕ್ಕೆ ಆರು ದಿನ ಮೊದಲು, ರವಿವಾರ ಮಧ್ಯಾಹ್ನ, ನಮ್ಮ ಟೀವಿಯಲ್ಲಿ ಚಿತ್ರ ಹೋಗಿ ಬರೀ ಧ್ವನಿ ಉಳಿಯಿತು. ಸಂಜೆ ಇಸ್ತ್ರಿಯ ಅಂಗಿ ತೊಟ್ಟು ಹಾಳೆ ಕೈಗೆತ್ತಿಕೊಂಡೆ.

"ಸಹಿ ಆಗೇತಲ್ಲ, ಮತ್ತ್ ಎಲ್ಲಿಗೆ?" ಎಂದಳು ಹೆಂಡತಿ.

"ಪ್ರಶ್ನೆ ಇನ್ನಾ ಒಂಚೂರು ದೊಡ್ಡದ ಐತಿ ಅನಸ್ತೈತಿ."

ಅವಳು ಟೀವಿಯ ಕಡೆ ಒಮ್ಮೆ, ಅಂಗಿಯ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ಗೈಡರು ನನ್ನನ್ನು ಆದರದಿಂದ ಕೂಡಿಸಿಕೊಂಡರು. ವಾರ್ತೆ ಬಂದಾಗ ನನ್ನ ಸಂಶಯ ಹೇಳಿದೆ. ಅವರು ಯೋಚಿಸಿ, ತಮ್ಮ ಸಹಿಯನ್ನು ತಾವೇ ಹೊಡೆದು ಹಾಕಿ, "ಸಹೀ ಬಾತ್ ಹೈ. " ಎಂದು, ಮುಂದಿನ ರವಿವಾರ ನೋಡೋಣ ಎಂಬರ್ಥದಲ್ಲಿ ಏನೋ ಹೇಳಿದರು. ಸಿನಿಮಾ ಮತ್ತೆ ಶುರುವಾಗಿತ್ತು, ನಾನು ಹ್ಞೂಂ ಎಂದೆ. ಶನಿವಾರವು ರವಿವಾರಕ್ಕಿಂತ ಮೊದಲು ಬರುತ್ತದೆಂಬುದು ಗಣಿತ ಮಾಸ್ತರನಾದ ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಸಿನಿಮಾ ಬಿಟ್ಟು ಏಳುತ್ತಿದ್ದೆನೆಂದು ಆಣೆ ಮಾಡಿ ಹೇಳಲಾರೆ. ಸೋಮವಾರದಿಂದ ಗೈಡರು ರಜೆಯ ಮೇಲೆ ಊರಿಗೆ ಹೋದರು, ಶನಿವಾರ ಸಂಜೆ, ಕಚೇರಿ ಮುಚ್ಚಿದ ಮೇಲೆ, ಮರಳಿದರು.

ಈಗ ಶಿಕ್ಷಕರ ಕೋಣೆಗೆ ಪಾಟೀಲರು ಬಂದರೆ ನಾನು ಎದ್ದು ನಿಲ್ಲುತ್ತೇನೆ.