ಈಡುಗಾಯಿ ಕಂಡ ನಾಯಿಬಂಡಿ

ನಾಯಿಗಳ ಓಟದಲ್ಲಿ ನಾಯಿಗಳನ್ನೇ ಸೋಲಿಸಿದ ಮನುಷ್ಯ ಈ ಜಗತ್ತಿನಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಚಿಕ್ಕಪ್ಪ! ನಗಬೇಡಿ. ಪುರಾವೆಯಿಲ್ಲದೆ ಬಾಯಿ ತೆರೆಯಬಾರದೆಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ಈ ಪ್ರಕರಣಕ್ಕಂತೂ ಪ್ರತ್ಯಕ್ಷ ಸಾಕ್ಷಿ ನಾನೇ.

ಮೈಸೂರಿನ ಇಂಜಿನಿಯರಾದ ಚಿಕ್ಕಪ್ಪ ನ್ಯೂಜಿಲೆಂಡಿನ ಪುಕೆಕೊಹೆ ಎಂಬ ಊರಿನಲ್ಲಿದ್ದಾರೆ; ಓದಲು ಹೋದ ನಾನೂ ಅವರ ಮನೆಯಲ್ಲೇ ಇದ್ದೆ. ಅಲಾಸ್ಕಾದ ಹಿಮದಲ್ಲಿ ನಾಯಿಗಳು ಜಾರುಬಂಡಿ ಎಳೆದುಕೊಂಡು ಕಾಡು, ಬೆಟ್ಟ ದಾಟಿ ದಿನಗಟ್ಟಲೆ ಓಡುವ ವಿಡಿಯೊ ಟೇಪನ್ನು ಯಾರೋ ಪುಣ್ಯಾತ್ಮರು ಅವರ ಕೈಗೆ ಕೊಟ್ಟರು. ಮುಗಿಯಿತು! ಮನೆಯಲ್ಲಿದ್ದ, ಹಿಮನಾಡಿನ ಹಸ್ಕಿ ತಳಿಯ ನಾಯಿ ಗೌರಿಯ ಜೊತೆಗೆ ಇನ್ನೂ ಮೂರು ಮರಿಗಳು ಬಂದವು.

"ಚಿಕ್ಕಪ್ಪ, ಇಲ್ಲಿ ಹಿಮ ಎಲ್ಲಿದೆ? ಬೀಳೋದು ಮಳೆ, ಬೆಳೆಯೋದು ಈರುಳ್ಳಿ!"

"ಅದಕ್ಕೇ ಚಕ್ರ ಹಾಕ್ಸಿದೀನಲ್ಲ, ಲಾಯರಮ್ಮ!"

ನಿಜವೇ. ಹಿಮವಿಲ್ಲದ ಕಡೆ ಮೂರು ಚಕ್ರದ ಬಂಡಿಗೆ ನಾಯಿ ಕಟ್ಟಿ ಪೈನ್ ಕಾಡಿನ ಕೆಸರಿನಲ್ಲಿ ಓಡಿಸುವ ಪಂದ್ಯಗಳಿವೆಯಂತೆ. ಗೌರಿ ಮುಂದಾಳು, ಮರಿಗಳು ಹಿಂಬಾಲಕರು. ಅಭ್ಯಾಸ ನಡೆದದ್ದು ಚಿಕ್ಕಪ್ಪ ದಿನಾ ಹಾಲು ತರಲು ಹೋಗುವ ದಾರಿಯಲ್ಲಿ. ಹೀಗಾಗಿ ಗೌರಿ ಎಷ್ಟೇ ವೇಗದಲ್ಲಿದ್ದರೂ ಮೂಲೆಯ ಡೈರಿ ಅಂಗಡಿ ಕಂಡೊಡನೆ ಗಕ್ಕನೆ ನಿಲ್ಲುತ್ತಿದ್ದಳು. ಚಿಕ್ಕಪ್ಪ ಮಾತ್ರ ನಿಲ್ಲುತ್ತಿರಲಿಲ್ಲ, ಬಂಡಿಯಿಂದ ಹಾರಿ ಮುಂದೆ ಹೋಗುತ್ತಿದ್ದರು! "ಹಾಲು ಎರಡು ಲೀಟರಾ ಅಂಕಲ್?" ಎಂದು ಅಂಗಡಿಯವಳು ಬಿದ್ದವರನ್ನೇ ಕೇಳುತ್ತಿದ್ದಳು.

ಮೊದಲ ಪಂದ್ಯದ ದಿನ ಬಂಡಿಗೆ ಪೂಜೆಯಾಯಿತು. ಕುಂಕುಮ, ಚಕ್ರಗಳಡಿ ನಿಂಬೆಹಣ್ಣು, ಎಲ್ಲ ಸರಿ. ಆರಂಭದ ಗೆರೆಯ ಮೇಲೆ ಈಡುಗಾಯಿ ಒಡೆಯಬೇಕೆ?

"ಬೇಡ ಚಿಕ್ಕಪ್ಪ, ತೆಂಗಿನಕಾಯಿಗೂ ವೇಗಕ್ಕೂ ಏನು ಸಂಬಂಧ?"

"ಸಂಬಂಧ ಆಮೇಲೆ ಗೊತ್ತಾಗುತ್ತೆ!"

ಆಮೇಲಲ್ಲ, ತಕ್ಷಣ ಗೊತ್ತಾಯಿತು. ಕಾಯಿ ಚೂರಾದ ಕೂಡಲೇ ನಮ್ಮ ನಾಲ್ಕು ನಾಯಿಗಳಷ್ಟೇ ಅಲ್ಲ, ಅಕ್ಕಪಕ್ಕದ ಎಲ್ಲ ತಂಡಗಳ ನಾಯಿಗಳೂ ಬಂಡಿ ಸಮೇತ ಪ್ರಸಾದಕ್ಕೆ ನುಗ್ಗಿದವು! ಹಗ್ಗಗಳ ಗಂಟು ಬಿಡಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಚಿಕ್ಕಪ್ಪನನ್ನು ಪಂದ್ಯದಿಂದ ಕೈಬಿಟ್ಟರು.

ಮುಂದಿನ ಪಂದ್ಯಗಳಲ್ಲಿ ಒಮ್ಮೆ ಚಕ್ರ ಕಳಚಿತು, ಒಮ್ಮೆ ಮೊಲ ಅಡ್ಡ ಬಂತು. ಗೌರಿ ಒಮ್ಮೆಯೂ ಕೊನೆಯ ಗೆರೆ ದಾಟಲಿಲ್ಲ. ವರ್ಷಗಳು ಉರುಳಿ ಅವಳ ಮೂತಿ ಬೆಳ್ಳಗಾಯಿತು. ಈ ಚಳಿಗಾಲ ಓಡಲಿ, ಮುಂದೆ ಬೇಡ ಎಂದರು ಡಾಕ್ಟರು.

"ಒಂದೇ ಒಂದ್ಸಲ ದಾಟ್ಲಿ ಸಾಕು," ಎಂದರು ಚಿಕ್ಕಪ್ಪ.

"ಅವಳಿಗೆ ಗೆರೆ ಅಂದ್ರೇನು ಅಂತ ಗೊತ್ತಾ?"

ಚಿಕ್ಕಪ್ಪ ಗೌರಿಗೆ ಮೊಸರನ್ನ ಕಲಸಿದರು.

ಕೊನೆಯ ಪಂದ್ಯ. ಎಲ್ಲ ತಂಡಗಳೂ ಬಂದು ಮುಟ್ಟಿದವು, ನಮ್ಮದರ ಸುಳಿವಿಲ್ಲ! ಜನ ಬಾವುಟ ಬಿಚ್ಚತೊಡಗಿದಾಗ ತಿರುವಿನಲ್ಲಿ ಏನೋ ಕಂಡಿತು. ಬಂಡಿಯ ಮೇಲೆ ಚಿಕ್ಕಪ್ಪನ ಮಂಕಿ ಕ್ಯಾಪ್ ಹಾಕಿಕೊಂಡು ಮಹಾರಾಣಿಯಂತೆ ಕುಳಿತ ಗೌರಿ! ಬಂಡಿಯ ಮುಂದೆ ಮೂರು ನಾಯಿ. ಅವುಗಳ ಮುಂದೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಏದುಸಿರು ಬಿಡುತ್ತಾ ಓಡುತ್ತಿರುವ ಚಿಕ್ಕಪ್ಪ! ದಾರಿಯಲ್ಲಿ ಗೌರಿ ಕುಸಿದು ಕುಳಿತಿದ್ದಳು. ಮುಂದಾಳಿಲ್ಲದೆ ಮರಿಗಳು ಹೆಜ್ಜೆ ಕಿತ್ತಿಡಲಿಲ್ಲ. ಮುಂದಾಳಾಗಲು ಇನ್ಯಾರಿದ್ದರು?

"ಬಂಡಿಯನ್ನು ನಾಯಿಗಳು ಎಳೆಯಬೇಕು, ಇದು ನಡೆಯುವುದಿಲ್ಲ," ಎಂದ ತೀರ್ಪುಗಾರ.

ನನ್ನ ಬಾಯಿ ತಾನಾಗಿ ತೆರೆಯಿತು. "ಮೂರು ನಾಯಿ ಎಳೆಯುತ್ತಿವೆಯಲ್ಲ! ನಾಲ್ಕನೆಯವರಿಗೆ ಬಾಲವಿಲ್ಲ, ಅಷ್ಟೇ. ಬಾಲ ಕಡ್ಡಾಯ ಅಂತ ನಿಮ್ಮ ಯಾವ ನಿಯಮದಲ್ಲಿದೆ?"

ಆತ ಪಕ್ಕೆ ಹಿಡಿದುಕೊಂಡು ನಕ್ಕು, ಬಿಚ್ಚಿದ ಬಾವುಟವನ್ನೇ ಎತ್ತಿ ಬೀಸಿದ. ಗೌರಿ ಗೆರೆ ದಾಟಿದಳು! ಅವಳಿಗಿಂತ, ಉಳಿದ ಮೂರಕ್ಕಿಂತ ಮೊದಲು ಚಿಕ್ಕಪ್ಪ ದಾಟಿದ್ದರು. ದಾಟಿ, ಕೆಸರಿನಲ್ಲೇ ಅಂಗಾತ ಬಿದ್ದರು.

"ಯಾಕೆ ಬೇಕಿತ್ತು ಚಿಕ್ಕಪ್ಪ ಇದೆಲ್ಲ?"

"ಈ ದೇಶಕ್ಕೆ ಬಂದ ಹೊಸದ್ರಲ್ಲಿ ಕೆಲಸ ಸಿಗದೆ ಹಾಸಿಗೆ ಬಿಟ್ಟು ಏಳ್ತಿರ್ಲಿಲ್ಲ ಕಣೇ ನಾನು," ಎಂದರು, ಆಕಾಶ ನೋಡುತ್ತಾ. "ದಿನಾ ಬೆಳಗ್ಗೆ ಲುಂಗಿ ಕಚ್ಚಿ ಹೊರಗೆ ಎಳ್ಕೊಂಡು ಹೋಗ್ತಿದ್ದೋಳು ಇವಳು."

ಅಷ್ಟರಲ್ಲಿ ಗೌರಿ ಬಂಡಿಯಿಂದ ಮೆಲ್ಲನೆ ಇಳಿದಳು. ಕುಂಟುತ್ತಾ ಬಂದು, ಚಿಕ್ಕಪ್ಪನ ಪ್ಯಾಂಟಿನ ಅಂಚನ್ನು ಬಾಯಲ್ಲಿ ಹಿಡಿದು ಎಳೆಯತೊಡಗಿದಳು.