ಚಿಕ್ಕಮ್ಮನ ಸ್ಯಾಂಪಲ್ಲುಗಳು

ನಮ್ಮ ಚಿಕ್ಕಮ್ಮ ಊಟಕ್ಕೆ ಕರೆದರೆ ಸ್ವಲ್ಪ ಯೋಚಿಸಿ ಹೋಗಬೇಕು. ಅಡುಗೆ ಚೆನ್ನಾಗಿರುವುದಿಲ್ಲವೆಂದಲ್ಲ. ಅವರ ಕೈಯ ಸೌತೆಕಾಯಿ ಹುಳಿಗೆ ಇಡೀ ಡೊಂಬಿವಲಿ ಪೂರ್ವದಲ್ಲಿ ಸಾಟಿಯಿಲ್ಲ. ತೊಂದರೆ ಏನೆಂದರೆ, ಉಂಡು ಕೈತೊಳೆದು ಬರುವಷ್ಟರಲ್ಲಿ ನೀವು ಅಂಕಿಅಂಶವಾಗಿ ಹೋಗಿರುತ್ತೀರಿ! ಇನ್ನೊಮ್ಮೆ ಹುಳಿ ಕೇಳಿದಿರೋ, ನೀವು 'ರಿಪೀಟ್ ಕಸ್ಟಮರ್'. ಪಾಯಸ ಸಾಕೆಂದಿರೋ, ಸೌಟು ಅಲ್ಲೇ ನಿಲ್ಲುತ್ತದೆ.

"ಯಾಕೆ ಸಾಕು? ಸಿಹಿ ಹೆಚ್ಚಾಯ್ತಾ, ಹೊಟ್ಟೆ ತುಂಬಿತಾ, ಅಲ್ಲ ನಾಚಿಕೆಯಾ? ಒಂದು ಹೇಳು ಮಾರಾಯ."

"ಮೂರೂ, ಚಿಕ್ಕಮ್ಮ."

"ಮೂರು ಆಗುದಿಲ್ಲ. ಒಂದೇ ಆರಿಸ್ಬೇಕು."

ಇಷ್ಟೆಲ್ಲ ಯಾಕೆಂದರೆ, ನಮ್ಮ ಚಿಕ್ಕಮ್ಮ ಪಿಎಚ್‌ಡಿ ಮಾಡುತ್ತಿದ್ದರು! ಐವತ್ತು ದಾಟಿದ ಮೇಲೆ, ಮಂಡಿನೋವು ಶುರುವಾದ ಮೇಲೆ, ಮಗಳಿಗೆ ಗಂಡು ಹುಡುಕಬೇಕಾದ ಕಾಲದಲ್ಲಿ ತನಗೊಬ್ಬ ಗೈಡ್ ಹುಡುಕಿಕೊಂಡವರು ಅವರು. ವಿಷಯ: ಠಾಣೆ ಮತ್ತು ನವಿ ಮುಂಬಯಿಯ ಕುಟುಂಬ ಒಡೆತನದ ಸಸ್ಯಾಹಾರಿ ಹೋಟೆಲುಗಳು ಎದುರಿಸುವ ವ್ಯವಹಾರ ಮತ್ತು ನಿರ್ವಹಣೆಯ ಸವಾಲುಗಳು. ಇಂಗ್ಲಿಷಿನಲ್ಲಿ ಇದು ಇನ್ನೂ ಉದ್ದ. ಡೊಂಬಿವಲಿಯಲ್ಲಿ ಗಾಡಿ ಹೊರಡುವಾಗ ಹೇಳಲು ತೊಡಗಿದರೆ ಮುಂದಿನ ಕೋಪರ್ ಸ್ಟೇಷನ್ ಬರುವಾಗ ಮುಗಿಯುತ್ತದೆ.

ಈ ಹುಚ್ಚು ಎಲ್ಲಿಂದ ಹತ್ತಿತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕಲ್ಯಾಣದಲ್ಲಿ ನಮ್ಮ ಅಜ್ಜ ಕಟ್ಟಿದ ಹೋಟೆಲೊಂದಿತ್ತು. ಅಜ್ಜನ ನಂತರ ಗಲ್ಲಾದಲ್ಲಿ ಕೂತವರು ಚಿಕ್ಕಪ್ಪ. ಕೆಲವು ವರ್ಷ ನಡೆಯಿತು, ಕೆಲವು ವರ್ಷ ಕುಂಟಿತು, ಆಮೇಲೆ ಒಂದು ದಿನ ಚಿಕ್ಕಪ್ಪ ಶಟರ್ ಎಳೆದು ಮನೆಗೆ ಬಂದರು. ಬಂದವರು ಬಾಲ್ಕನಿಯ ಕುರ್ಚಿ ಹಿಡಿದರು. ಕಲ್ಯಾಣದ ಕಡೆ ಹೋಗುವ ಗಾಡಿ ಹತ್ತುವುದನ್ನೇ ಬಿಟ್ಟರು. ಹೋಟೆಲು ಯಾಕೆ ಮುಚ್ಚಿತೆಂದು ಯಾರಾದರೂ ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದರು. ಮದುವೆಗೆ ಮೊದಲು ಎಂ.ಕಾಂ. ಮಾಡಿದ್ದ ಚಿಕ್ಕಮ್ಮ ಆ ವರ್ಷವೇ ಕಾಲೇಜಿಗೆ ಹೋಗಿ ಪಿಎಚ್‌ಡಿಗೆ ಹೆಸರು ನೋಂದಾಯಿಸಿ ಬಂದರು.

ಅಂದಿನಿಂದ ಆ ಮನೆಯಲ್ಲಿ 'ತೊಂದರೆ' ಎಂಬ ಪದಕ್ಕೆ ಬಹಿಷ್ಕಾರ. ಎಲ್ಲವೂ 'ಚಾಲೆಂಜ್'! ಗ್ಯಾಸ್ ಮುಗಿದರೆ ಸಪ್ಲೈ ಚೈನ್ ಚಾಲೆಂಜ್. ಮನೆಗೆಲಸದ ಹೆಂಗಸು ಬರದಿದ್ದರೆ ಹ್ಯೂಮನ್ ರಿಸೋರ್ಸ್ ಚಾಲೆಂಜ್. ಬೆಳಿಗ್ಗೆ ಬಾತ್‌ರೂಮಿನ ಮುಂದೆ ಟವೆಲ್ ಹಿಡಿದು ನಿಂತ ಮಗಳಿಗೆ ಬಾಟಲ್‌ನೆಕ್ ಎಂದರೇನೆಂದು ಪಾಠ. ಅವಳು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾದರೂ ಉತ್ತರ ಬರುವುದು ಮರಾಠಿಯಲ್ಲೇ.

"ಆಈ, ಮಲಾ ಫಕ್ತ ಚಹಾ ಪಾಹಿಜೆ!" ಬರೀ ಚಹಾ ಬೇಕು ತಾಯಿ ಎಂದು ಆ ಹುಡುಗಿ ಗೋಗರೆದರೆ, "ಚಹಾದ ಡಿಮಾಂಡ್ ಯಾವ ಟೈಮಿಗೆ ಹೆಚ್ಚು ಹೇಳು ನೋಡುವ" ಎಂದು ತಾಯಿ.

ಮನೆಯೊಳಗಿನ ಸಂಶೋಧನೆಯನ್ನಾದರೂ ಸಹಿಸಬಹುದು. ಫೀಲ್ಡ್ ವರ್ಕಿಗೆ ಜೊತೆಯಲ್ಲಿ ಹೋಗುವವರ ಗತಿ? ಬಹಳ ಸಲ ಆ ಪುಣ್ಯ ನನಗೇ ಸಿಕ್ಕಿತು. ಸೀವುಡ್ಸ್ ಸ್ಟೇಷನ್ನಿನ ಹತ್ತಿರದ ಹೋಟೆಲೊಂದಕ್ಕೆ ನಾವು ಮೊದಲ ಸಲ ಹೋದಾಗ ಗಲ್ಲಾದಲ್ಲಿ ಉಡುಪಿ ಕಡೆಯ ಶೆಟ್ರೊಬ್ಬರು ಕೂತಿದ್ದರು. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು, ಹೆಗಲ ಚೀಲ ಮುಂದಕ್ಕೆಳೆದುಕೊಂಡು, ಗಂಭೀರವಾಗಿ ಹೇಳಿದರು:

"ನಮಸ್ಕಾರ. ನಾವು ಸ್ಯಾಂಪಲ್ಲಿಗೆ ಬಂದದ್ದು. ನಿಮ್ಮ ಹೋಟೆಲು ನಮ್ಮ ಸ್ಯಾಂಪಲ್ಲಿನಲ್ಲಿ ಬಂದಿದೆ."

ಸಂಶೋಧಕರ ಭಾಷೆಯಲ್ಲಿ ಇದರ ಅರ್ಥ, ನಾವು ಮಾತನಾಡಿಸಲು ಆರಿಸಿಕೊಂಡ ಹೋಟೆಲುಗಳಲ್ಲಿ ನಿಮ್ಮದೂ ಒಂದು ಎಂದು. ಹೋಟೆಲಿನವರ ಭಾಷೆಯಲ್ಲಿ ಸ್ಯಾಂಪಲ್ಲಿಗೆ ಬರುವವರು ಯಾರು? ಸಾಂಬಾರನ್ನು ಸೀಸೆಗೆ ತುಂಬಿ, ಸೀಲು ಹಾಕಿ, ಪರೀಕ್ಷೆಗೆ ಒಯ್ಯುವ ಸರಕಾರದವರು! ಶೆಟ್ರು ಎದ್ದು ನಿಂತರು. "ಸ್ಯಾಂಪಲ್‌ದಕುಲು ಬೈದೆರ್!" ಸ್ಯಾಂಪಲ್ಲಿನವರು ಬಂದಿದ್ದಾರೆ ಎಂದು ಒಳಗೆ ತುಳುವಿನಲ್ಲಿ ಸುದ್ದಿ ಹೋಯಿತು. ನಾನು ನೋಡುತ್ತಿದ್ದಂತೆ ಬರಿತಲೆಗಳ ಮೇಲೆಲ್ಲ ಟೋಪಿ ಬಂತು. ಬಾಣಲೆಯೊಂದು ಎಣ್ಣೆಯ ಸಮೇತ ಹಿಂಬಾಗಿಲಿನಿಂದ ಪ್ರಯಾಣ ಹೊರಟಿತು. ನಮ್ಮ ಟೇಬಲ್ಲಿಗೆ ಹೇಳದೆಯೇ ತುಪ್ಪದ ದೋಸೆ, ಶೀರಾ, ಕಾಫಿ ಬಂದವು.

ಶೆಟ್ರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಮೇಡಂ ಯಾವ ಡಿಪಾರ್ಟ್‌ಮೆಂಟ್?"

"ಮ್ಯಾನೇಜ್‌ಮೆಂಟ್."

"ಅಂದ್ರೆ ಫುಡ್ಡಿನವರಿಗಿಂತ ಮೇಲಾ?"

"ನಮ್ಮ ಮನೆಯಲ್ಲಂತೂ ಎಲ್ಲರಿಗಿಂತ ಮೇಲೆ" ಎಂದೆ. ಸುಳ್ಳು ಹೇಳಿದಂತಾಗಲಿಲ್ಲ.

ನಿಜ ಗೊತ್ತಾದಾಗ ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಊರಿನಿಂದ ಅಡುಗೆ ಭಟ್ಟರು ಸಿಗುವುದಿಲ್ಲ, ಮೊಬೈಲಿನಲ್ಲಿ ಆರ್ಡರು ಮಾಡುವವರಿಗೆ ಹೋಟೆಲಿನ ಮುಖವೇ ಗೊತ್ತಿಲ್ಲ, ಮಗನಿಗೆ ಗಲ್ಲಾ ಎಂದರೆ ಅಲರ್ಜಿ ಎಂದು ಎಲ್ಲವನ್ನೂ ಹೇಳಿಕೊಂಡರು. ಹಿಂಬಾಗಿಲಿನಿಂದ ಹೋದ ಬಾಣಲೆಯ ವಿಷಯವನ್ನು ಮಾತ್ರ ನಾವೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಇನ್ನೊಮ್ಮೆ ಠಾಣೆಯಿಂದ ಬರುವಾಗ ಟಿಟ್ವಾಳಾ ಲೋಕಲಿನಲ್ಲಿ ಹಳೆಯ ಪರಿಚಯದ ಹೋಟೆಲಿನವರೊಬ್ಬರು ಸಿಕ್ಕಿದರು. ಸಿಕ್ಕಿದರು ಎನ್ನುವುದಕ್ಕಿಂತ ಸಿಕ್ಕಿಬಿದ್ದರು ಎನ್ನಬೇಕು. ಜನರ ನಡುವೆ ಕೈ ಮೇಲೆತ್ತಿ ನೇತಾಡುತ್ತಿದ್ದ ಅವರಿಗೆ ಚಿಕ್ಕಮ್ಮನಿಂದ ಪ್ರಶ್ನೆಗಳ ಸುರಿಮಳೆ. ನಮ್ಮ ಡೊಂಬಿವಲಿ ಬಂದು ಹೋಯಿತು, ಚಿಕ್ಕಮ್ಮ ಇಳಿಯಲಿಲ್ಲ. ಅವರ ಕಲ್ಯಾಣ ಬಂತು, ಚಿಕ್ಕಮ್ಮ ಇಳಿಯಲು ಬಿಡಲಿಲ್ಲ. ಗಾಡಿ ಮತ್ತೆ ಹೊರಟಾಗ ಆ ಬಡಪಾಯಿ ಕಿಟಕಿಯತ್ತ ನೋಡಿ ಕೂಗಿದರು: "ಅಯ್ಯೋ, ನನ್ನ ಕಲ್ಯಾಣ ತಪ್ಪಿತಲ್ಲ ಮಾರಾಯ್ರೆ!"

ಡಬ್ಬಿಯಲ್ಲಿ ಕನ್ನಡ ಬಲ್ಲ ಅಜ್ಜಿಯೊಬ್ಬರಿದ್ದರು. ಹೋಟೆಲಿನವರ ನರೆತ ತಲೆಯನ್ನು ಕನಿಕರದಿಂದ ನೋಡಿ, "ಈ ವಯಸ್ಸಿನ್ಯಾಗ ಇನ್ನ್ಯಾಕ ಬಿಡಪಾ, ಆರಾಮ ಇರು" ಎಂದು ಸಮಾಧಾನ ಹೇಳಿದರು. ಚಿಕ್ಕಮ್ಮನಿಗೆ ಇದಾವುದರ ಪರಿವೆಯೂ ಇಲ್ಲ. "ಟಿಟ್ವಾಳಾ ಹೇಗೂ ಬರ್ತದೆ. ಗಣಪತಿ ದರ್ಶನ ಮಾಡಿ ಬರುವ. ಕ್ಯೂನಲ್ಲಿ ಉಳಿದ ಪ್ರಶ್ನೆ ಮುಗಿಸ್ಲಿಕ್ಕಾಗ್ತದೆ" ಎಂದರು. ಹಾಗೆಯೇ ಮುಗಿಸಿದರು ಕೂಡ!

ನಡೆಯುವ ಹೋಟೆಲಿನವರು ಸಾಲಲಿಲ್ಲವೆಂದು ಮುಚ್ಚಿದ ಹೋಟೆಲಿನವರನ್ನೂ ಚಿಕ್ಕಮ್ಮ ಹುಡುಕಿಕೊಂಡು ಹೋದರು. ಎಲ್ಲರೂ ಸಿಕ್ಕಿದರು, ಒಬ್ಬರನ್ನು ಬಿಟ್ಟು. ಆ ಒಬ್ಬರು ಅವರ ಮನೆಯ ಬಾಲ್ಕನಿಯಲ್ಲೇ ಕೂತಿದ್ದರು.

ಗೈಡ್ ಮೇಡಂ ಚಿಕ್ಕಮ್ಮನ ಅರ್ಧ ವಯಸ್ಸಿನ ಹುಡುಗಿ. "ಆಂಟಿ, ಅಂಕಲ್ ಕಾ ಇಂಟರ್‌ವ್ಯೂ?" ಎಂದು ಪ್ರತಿ ಸಲವೂ ಕೇಳುತ್ತಿದ್ದಳು. ಕೊನೆಗೊಂದು ಭಾನುವಾರ ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಗಂಡನ ಎದುರು ಕೂತರು. ನಾನು ಅಲ್ಲೇ ಅವಲಕ್ಕಿ ತಿನ್ನುತ್ತಿದ್ದೆ.

"ನಿಮ್ಮ ಹೋಟೆಲು ಮುಚ್ಚಲಿಕ್ಕೆ ಮುಖ್ಯ ಕಾರಣ ಎಂತ?"

ಚಿಕ್ಕಪ್ಪ ರಸ್ತೆಯ ಕಡೆ ತಿರುಗಿದರು. "ಎಂತ ಕಾರಣ? ನಾನೇ ಕಾರಣ. ಅಪ್ಪ ಕಟ್ಟಿದ್ದನ್ನು ನಾನು ಹಾಳು ಮಾಡಿದೆ. ಬರ್ಕೊ" ಎಂದು ಎದ್ದು ಒಳಗೆ ಹೋದರು.

ಚಿಕ್ಕಮ್ಮ ಬರೆದುಕೊಳ್ಳಲಿಲ್ಲ. ಜಗತ್ತಿನ ಯಾವ ಉತ್ತರವನ್ನೂ ಬಿಡದ ಹೆಂಗಸು ಪೆನ್ನಿಗೆ ಮುಚ್ಚಳ ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಡಿಗ್ರಿ ಸಿಕ್ಕಿದ್ರೆ ಸಿಗ್ತದೆ, ಹೋದ್ರೆ ಹೋಗ್ತದೆ. ಇವರು ಈಗ ಹೇಳಿದ್ದು ಸುಳ್ಳು ಅಂತ ಇವರಿಗೆ ತೋರಿಸ್ಬೇಕು ನಂಗೆ. ಅಷ್ಟೇ ಇರುದು" ಎಂದರು. ನಾನು ಅವಲಕ್ಕಿಯ ತಟ್ಟೆ ಪಕ್ಕಕ್ಕಿಟ್ಟೆ.

ಪ್ರಬಂಧ ಒಪ್ಪಿಸಿದ್ದಾಯಿತು, ವೈವಾ ಎಂಬ ಮೌಖಿಕ ಪರೀಕ್ಷೆಯ ದಿನವೂ ಬಂತು. ಪಿಎಚ್‌ಡಿಯ ವೈವಾಕ್ಕೆ ಯಾರು ಬೇಕಾದರೂ ಹೋಗಿ ಕೂರಬಹುದು, ಕೊನೆಯಲ್ಲಿ ಪ್ರಶ್ನೆಯನ್ನೂ ಕೇಳಬಹುದು. ಮನೆಯವರು ಹೋಗುವುದು ಸಮೋಸದ ಆಸೆಗೆ. "ನೀವಿಬ್ಬರೂ ಬಾಯಿ ತೆರೆಯುದು ಸಮೋಸಕ್ಕೆ ಮಾತ್ರ" ಎಂದು ನನಗೂ ಅವರ ಮಗಳಾದ ನನ್ನ ತಂಗಿಗೂ ಕಟ್ಟಪ್ಪಣೆಯಾಗಿತ್ತು. ಚಿಕ್ಕಪ್ಪ ಬರುವುದಿಲ್ಲ ಎಂದಿದ್ದರು. ಆದರೆ ಕಾರ್ಯಕ್ರಮ ಶುರುವಾದ ಮೇಲೆ ಇಸ್ತ್ರಿ ಅಂಗಿ ತೊಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತದ್ದನ್ನು ನೋಡಿದೆ.

ಚಿಕ್ಕಮ್ಮ ಇಂಗ್ಲಿಷಿನಲ್ಲಿ ಮಾತನಾಡಿದರು, ಪರೀಕ್ಷಕರು ಕೆಣಕಿದರು, ಇವರು ಸೊಂಟಕ್ಕೆ ಸೆರಗು ಸಿಕ್ಕಿಸಿ ಉತ್ತರ ಕೊಟ್ಟರು. ಕೊನೆಗೆ ಅಧ್ಯಕ್ಷರು ಪದ್ಧತಿಯಂತೆ ಸಭೆಯವರಿಗೆ ಪ್ರಶ್ನೆಗಳಿವೆಯೇ ಎಂದರು. ಎಲ್ಲರೂ ಚಹಾದ ಕಡೆ ನೋಡುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಚಿಕ್ಕಪ್ಪ ಶಾಲೆಯ ಹುಡುಗನಂತೆ ಕೈಯೆತ್ತಿ ಎದ್ದು ನಿಂತರು.

"ಮೇಡಂ" ಎಂದರು, ತನ್ನ ಹೆಂಡತಿಗೆ! ತಂಗಿ ನನ್ನ ಕೈ ಹಿಡಿದುಕೊಂಡಳು. "ಅಪ್ಪ ಚಂದದಲ್ಲಿ ನಡೆಸಿದ ಹೋಟೆಲು ಮಗನ ಕೈಯಲ್ಲಿ ಮುಚ್ಚಿತು ಅಂತಾದ್ರೆ, ತಪ್ಪು ಮಗಂದೇ ಅಲ್ವಾ?"

ಪರೀಕ್ಷಕರಿಗೆ ಕನ್ನಡ ತಿಳಿಯಲಿಲ್ಲ. ಗೈಡ್ ಮೇಡಂಗೂ ತಿಳಿಯದು, ಆದರೆ ಮುಖ ನೋಡಿಯೇ ಅವಳಿಗೆ ಎಲ್ಲವೂ ತಿಳಿದಿತ್ತು. "ಜವಾಬ್ ದೀಜಿಯೇ, ಆಂಟಿ" ಎಂದು ಮೆಲ್ಲಗೆ ಉತ್ತರಕ್ಕೆ ಒತ್ತಾಯಿಸಿದಳು.

ಚಿಕ್ಕಮ್ಮ ಇಂಗ್ಲಿಷ್ ಬಿಟ್ಟರು. "ಹೋಟೆಲು ಮುಚ್ಚಿದವರನ್ನೆಲ್ಲ ನಾನು ಮನೆಮನೆಗೆ ಹೋಗಿ ಮಾತಾಡಿಸಿದ್ದೇನೆ. ಒಬ್ಬರಿಗೆ ಭಟ್ಟರು ಸಿಗ್ಲಿಲ್ಲ, ಒಬ್ಬರಿಗೆ ಬಾಡಿಗೆ ಏರಿತು, ಒಬ್ಬರ ರಸ್ತೆಯಲ್ಲಿ ಜನವೇ ನಡಿಯುದು ನಿಂತಿತು. ಆದ್ರೆ ಎಲ್ಲರೂ ಕಡೆಗೆ ಹೇಳಿದ ಮಾತು ಒಂದೇ. 'ಅಪ್ಪ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ, ನನ್ನದೇ ತಪ್ಪು.' ಅಷ್ಟೂ ಮಂದಿ ಮಕ್ಕಳು ದಡ್ಡರಾಗ್ಲಿಕ್ಕೆ ಸಾಧ್ಯ ಉಂಟಾ? ಕಾಲ ಬದಲಾದದ್ದಕ್ಕೆ ಒಬ್ಬೊಬ್ಬರೂ ತಾನೊಬ್ಬನೇ ಕಾರಣ ಅಂತ ತಿಳ್ಕೊಂಡು ಮನೆಯಲ್ಲಿ ಕೂತಿದ್ದಾರೆ. ನಾನು ಇಷ್ಟು ವರ್ಷ ಓಡಾಡಿ ಕಂಡುಕೊಂಡದ್ದು ಇದನ್ನೇ."

ಚಿಕ್ಕಪ್ಪ ನಿಂತೇ ಇದ್ದರು. "ಎಲ್ಲರೂ ಹಾಗೇ ಹೇಳಿದ್ರಾ?"

"ಎಲ್ಲರೂ."

"ಪಾಪ" ಎಂದರು ಚಿಕ್ಕಪ್ಪ. ಆಮೇಲೆ, "ಅವರ ಹೆಸರು, ಮನೆ ಎಲ್ಲಿ ಅಂತ ಕೊಡ್ತಿಯಾ? ಒಮ್ಮೆ ಹೋಗಿ ಮಾತಾಡಿಸಿ ಬರ್ತೇನೆ" ಎಂದರು.

"ಹೆಸರು ಹೇಳುವ ಹಾಗಿಲ್ಲ. ಸಂಶೋಧನೆಯ ನಿಯಮ" ಎಂದು ಚಿಕ್ಕಮ್ಮ ಗತ್ತಿನಿಂದಲೇ ಶುರುಮಾಡಿದರು. ಅಷ್ಟರಲ್ಲಿ ಕಣ್ಣು ತುಂಬಿ ಕನ್ನಡಕ ತೆಗೆಯಬೇಕಾಯಿತು. ಸೆರಗಿನಲ್ಲಿ ಅದನ್ನು ಒರೆಸುತ್ತ ಹೇಳಿದರು:

"ಒಬ್ಬರು ಕಲ್ಯಾಣದಲ್ಲೇ ಇದ್ದಾರೆ. ನಾಳೆ ಬೆಳಿಗ್ಗೆ ಹೊರಡಿ, ನಾನೇ ಕರ್ಕೊಂಡು ಹೋಗ್ತೇನೆ."